ಜಿಂಕೆಗೆ ಯಾವ ಕ್ಯಾಮೆರಾ ಒಳ್ಳೆಯದು?

ಬೇಟೆಯ ವಿಷಯದಲ್ಲಿ ನನ್ನ ಅನುಭವ ಸೊಳ್ಳೆಯಿಂದ ಮುಂದಕ್ಕೆ ಹೋಗಿಲ್ಲ. ಅದರಲ್ಲೂ ಹತ್ತಕ್ಕೆ ಎಂಟು ಸಲ ಚಪ್ಪಾಳೆ ಮಾತ್ರ ನನ್ನದು, ಸೊಳ್ಳೆ ತನ್ನ ಪಾಡಿಗೆ ತಾನು ಹೊರಟುಹೋಗಿರುತ್ತದೆ. ಆದರೂ ಇವತ್ತು ಯಾರಾದರೂ ಬಂದು, 'ಸ್ವಾಮಿ, ಬೇಟೆಗೆ ಹೊರಟಿದ್ದೇನೆ, ಅದನ್ನು ವೀಡಿಯೋ ಮಾಡಬೇಕು, ಯಾವ ಕ್ಯಾಮೆರಾ ಕೊಳ್ಳಲಿ?' ಎಂದು ಕೇಳಿದರೆ ನಾನು ಒಂದೂವರೆ ಗಂಟೆ ನೀರು ಕುಡಿಯದೆ ಮಾತಾಡಬಲ್ಲೆ. ಮೈಸೂರಿನಲ್ಲಿ, ಮೊಟ್ಟೆ ಎಂಬ ಪದವನ್ನೂ ದನಿ ತಗ್ಗಿಸಿ ಆಡುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಈ ಪಾಂಡಿತ್ಯ ಎಲ್ಲಿಂದ ಬಂತು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿದೆ. ಅದನ್ನೇ ಈಗ ಹೇಳಲು ಕುಳಿತಿದ್ದೇನೆ.

ಮೊದಲು ನನ್ನ ಕ್ಯಾಮೆರಾ ಚಟದ ವಿಷಯ. ನಾವು ಮೈಸೂರು ಬಿಟ್ಟು ಈ ಹಿಮದ ದೇಶಕ್ಕೆ ಬಂದವರು, ಎರಿನ್ ಮಿಲ್ಸ್ ಎಂಬ ಬಡಾವಣೆಯಲ್ಲಿ ಮನೆ ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಈ ಊರಿನ ಕನ್ನಡಿಗರ ನಡುವೆ ನನಗೆ 'ಕ್ಯಾಮೆರಾ ಮೂರ್ತಿ' ಎಂಬ ಬಿರುದಿದೆ. ನಾಮಕರಣ, ಗೃಹಪ್ರವೇಶ, ಭರತನಾಟ್ಯದ ರಂಗಪ್ರವೇಶ, ರಾಜ್ಯೋತ್ಸವದ ಸಮೂಹಗಾನ, ಎಲ್ಲಕ್ಕೂ ನನಗೆ ಕರೆ ಬರುತ್ತದೆ. ಕರೆಯುವವರು 'ಮೂರ್ತಿ ಅವರೇ, ನೀವು ಬರಲೇಬೇಕು' ಎಂದಮೇಲೆ ಒಂದು ಕ್ಷಣ ಬಿಟ್ಟು 'ಟ್ರೈಪಾಡೂ ತರ್ತೀರಲ್ವಾ?' ಎನ್ನುತ್ತಾರೆ. ನಾನು ತೆಗೆದ ವೀಡಿಯೋಗಳನ್ನು ಯಾರೂ ನೋಡಿದ ದಾಖಲೆ ಇಲ್ಲ. ಒಂದು ನಾಮಕರಣದ ವೀಡಿಯೋವನ್ನು ಕಳಿಸಲು ನಾನು ತಡಮಾಡಿ ತಡಮಾಡಿ, ಕೊನೆಗೆ ಅದು ಆ ಮಗುವಿನ ಮೂರನೆಯ ಹುಟ್ಟುಹಬ್ಬಕ್ಕೆ ತಲುಪಿತು. ತಂದೆತಾಯಿ ಸಂತೋಷದಿಂದಲೇ ತೆಗೆದುಕೊಂಡರು, ಅದು ಬರಬೇಕಿತ್ತು ಎಂಬುದೇ ಅವರಿಗೆ ಮರೆತಿತ್ತು.

ನಮಗೆ ಒಬ್ಬಳೇ ಮಗಳು, ಇಂಚರ. ಇಪ್ಪತ್ತೇಳು ವರ್ಷ. ಈ ದೇಶದಲ್ಲೇ ಹುಟ್ಟಿದವಳು, ಇಲ್ಲಿಂದ ಎರಡು ಗಂಟೆ ದೂರದ ಪೀಟರ್‌ಬರೋ ಊರಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನ ಅನ್ನಕ್ಕೆ ಕನ್ನಡದ ಒಗ್ಗರಣೆ. ಪ್ರತಿ ಗುರುವಾರ ಸಂಜೆ ಫೋನ್ ಮಾಡುತ್ತಾಳೆ. 'ಹಾಯ್ ಅಪ್ಪ, ಹೌ ಆರ್ ಯು, ಅಮ್ಮ ಇದಾಳಾ?' ಇಷ್ಟು ನನ್ನ ಪಾಲು. ಆಮೇಲೆ ಮುಕ್ಕಾಲು ಗಂಟೆ ಅವಳ ತಾಯಿ ಪದ್ಮಿನಿಯ ಪಾಲು. ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಹಿಮ ಬೀಳುವಾಗ ಸದ್ದು ಯಾಕೆ ಬರಲ್ಲ, ಅಳಿಲು ಚಳಿಗಾಲಕ್ಕೆ ಕಾಳು ಎಲ್ಲಿಟ್ಟಿದೆ ಅಂತ ಮರೆತುಹೋದರೆ ಏನು ಮಾಡುತ್ತೆ, ಎಲ್ಲ ನನ್ನನ್ನೇ ಕೇಳಬೇಕಿತ್ತು. ನನಗೆ ಗೊತ್ತಿಲ್ಲದ್ದಕ್ಕೂ ನಾನು ಧೈರ್ಯವಾಗಿ ಉತ್ತರ ಕೊಡುತ್ತಿದ್ದೆ. ಆಮೇಲೆ ಅವಳ ಕೈಗೆ ಮೊಬೈಲ್ ಬಂತು, ನನ್ನ ಕೆಲಸ ಹೋಯಿತು.

ಹೀಗಿರುವಾಗ ಹೋದ ಆಗಸ್ಟಿನ ಒಂದು ಗುರುವಾರ ಅವಳು, "ಅಪ್ಪ, ಅಮ್ಮಂಗೆ ಕೊಡ್ಬೇಡ. ಐ ನೀಡ್ ಯುವರ್ ಹೆಲ್ಪ್" ಎಂದಳು. ನಾನು ಕುಳಿತಿದ್ದವನು ಎದ್ದು ನಿಂತೆ.

"ಒಂದು ವೀಡಿಯೋ ಕ್ಯಾಮೆರಾ ಬೇಕು. ಯಾವ್ದು ತಗೋಬೇಕು ಹೇಳು. ಯು ಆರ್ ದ ಕ್ಯಾಮೆರಾ ಗೈ."

"ಏನು ಶೂಟ್ ಮಾಡೋದಕ್ಕೆ?"

"ಡೀರ್ ಹಂಟಿಂಗ್."

"ಓ, ಜಿಂಕೆ ನೋಡೋಕೆ ಹೋಗ್ತೀಯಾ?"

"ನೋಡೋಕಲ್ಲ ಅಪ್ಪ. ಹಂಟಿಂಗ್. ವಿತ್ ಎ ಬೋ, ಬಿಲ್ಲು ಬಾಣ. ಜೂನಲ್ಲೇ ಲೈಸೆನ್ಸ್ ಬಂತು."

ಇಂಥ ಸಂದರ್ಭದಲ್ಲಿ ಒಬ್ಬ ತಂದೆ ಏನೇನೋ ಹೇಳಬಹುದು. ಯಾಕೆ ಎನ್ನಬಹುದು, ಯಾವಾಗಿನಿಂದ ಎನ್ನಬಹುದು, ಏನು ಗತಿ ಬಂತಮ್ಮ ನಿನಗೆ ಎನ್ನಬಹುದು. ನಾನು ಕೇಳಿದ್ದು, "ಎಷ್ಟು ದೂರದಿಂದ?"

ನನ್ನನ್ನು ಹೇಡಿ ಎಂದುಕೊಳ್ಳಬೇಡಿ, ಅಥವಾ ಎಂದುಕೊಳ್ಳಿ, ಪರವಾಗಿಲ್ಲ. ಅವಳು ಮಾಂಸ ತಿನ್ನುತ್ತಾಳೆಂಬುದು ನಮಗೆ ಗೊತ್ತಿತ್ತು. ಪಕ್ಕದ ಮನೆಯವರ ಜಗಳ ಗೊತ್ತಿರುವ ಹಾಗೆ, ಕೇಳಿಸಿದರೂ ಕೇಳಿಸಿತೆಂದು ಹೇಳುವಂತಿಲ್ಲ. ಆದರೆ ತಿನ್ನುವುದು ಬೇರೆ, ಕೊಲ್ಲುವುದು ಬೇರೆ. ಅದನ್ನು ಬಾಯಿಗೆ ತಂದರೆ ಏನಾಗುತ್ತದೆಂದೂ ಗೊತ್ತಿತ್ತು. 'ಓಕೆ ಅಪ್ಪ, ಅಮ್ಮ ಇದಾಳಾ?' ಎಂದುಬಿಡುತ್ತಾಳೆ. ಹತ್ತು ವರ್ಷದ ಮೇಲೆ ಮಗಳು ನನ್ನನ್ನು ಒಂದು ಪ್ರಶ್ನೆ ಕೇಳಿದ್ದಾಳೆ. ಇದಕ್ಕೆ ಸರಿಯಾದ ಉತ್ತರ ಕೊಟ್ಟರೆ ಇನ್ನೊಂದು ಕೇಳಿಯಾಳು, ತಪ್ಪಿದರೆ ಮುಗಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಜಿಂಕೆಯ ಮಾತು ಬಿಟ್ಟು ಕ್ಯಾಮೆರಾದ ಮಾತು ಹಿಡಿದೆ.

"ಇಪ್ಪತ್ತೈದು ಗಜ, ಮ್ಯಾಕ್ಸಿಮಮ್ ಮೂವತ್ತು" ಎಂದಳು. "ಅದಕ್ಕಿಂತ ದೂರ ಇದ್ರೆ ನಾನು ಬಾಣ ಬಿಡಲ್ಲ. ಗಾಯ ಆಗಿ ಓಡಿಹೋದ್ರೆ ಇಟ್ಸ್ ಆನ್ ಮಿ." ನಾನು ನೋಟ್‌ಬುಕ್ಕಿನಲ್ಲಿ 'ಮೂವತ್ತು ಗಜ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಪದ್ಮಿನಿಗೆ, "ಇಂಚರ ಕ್ಯಾಮೆರಾ ಕೇಳಿದಾಳೆ, ಕಾಡಲ್ಲಿ ಜಿಂಕೆ ವೀಡಿಯೋ ಮಾಡೋದಕ್ಕಂತೆ" ಎಂದೆ. ಇದರಲ್ಲಿ ಒಂದು ಪದವೂ ಸುಳ್ಳಲ್ಲ. "ಮೊದಲಿಂದಲೂ ಅವಳಿಗೆ ಪ್ರಾಣಿ ಅಂದ್ರೆ ಜೀವ" ಎಂದು ಪದ್ಮಿನಿ ಸಂತೋಷಪಟ್ಟಳು.

ಆಮೇಲೆ ಶುರುವಾಯಿತು ನನ್ನ ಅಧ್ಯಯನ. ಅಂತರ್ಜಾಲದಲ್ಲಿ ಬೇಟೆಗಾರರದೇ ಒಂದು ಲೋಕವಿದೆ. ಅಲ್ಲಿನ ಪಂಡಿತರೆಲ್ಲ ಗಡ್ಡ ಬಿಟ್ಟವರು, ಎಲೆ ಚಿತ್ತಾರದ ಅಂಗಿ ತೊಟ್ಟವರು, ಎಲ್ಲರೂ ಪಿಸುಗುಟ್ಟುವವರು. ತಮ್ಮ ಮನೆಯ ಗ್ಯಾರೇಜಿನಲ್ಲಿ ಕುಳಿತು ಬ್ಯಾಟರಿಯ ಗುಣಾವಗುಣ ಹೇಳುವಾಗಲೂ ಪಕ್ಕದಲ್ಲೇ ಜಿಂಕೆ ಕೂತು ಕೇಳಿಸಿಕೊಳ್ಳುತ್ತಿದೆಯೋ ಎಂಬಂತೆ ಪಿಸುಗುಡುತ್ತಾರೆ. ಮೂರು ವಾರ ಅವರ ಪ್ರವಚನ ಕೇಳಿ ನಾನೂ ಅಡುಗೆಮನೆಯಲ್ಲಿ "ಕಾಫಿ ಇದೆಯಾ" ಎಂದು ಪಿಸುಗುಟ್ಟತೊಡಗಿದೆ.

ಅವರಿಂದ ತಿಳಿದದ್ದೇನೆಂದರೆ, ಬೇಟೆಯ ಕ್ಯಾಮೆರಾ ಆರಿಸುವುದು ವರ ಹುಡುಕಿದಷ್ಟೇ ಕಷ್ಟ. ಎಲ್ಲ ಗುಣವೂ ಒಂದರಲ್ಲಿ ಇರುವುದಿಲ್ಲ. ಜಿಂಕೆ ಹೊರಬರುವುದು ಮುಸ್ಸಂಜೆಗೆ, ಬೆಳಕು ಸಾಯುವ ಹೊತ್ತಿಗೆ. ಆ ಬೆಳಕಿನಲ್ಲಿ ಚೆನ್ನಾಗಿ ಕಾಣಬೇಕಾದರೆ ಕ್ಯಾಮೆರಾದ ಸೆನ್ಸರ್ ಎಂಬ ಒಳಗಣ್ಣು ದೊಡ್ಡದಿರಬೇಕು. ಒಳಗಣ್ಣು ದೊಡ್ಡದಾದರೆ ದೂರದ್ದನ್ನು ಹತ್ತಿರ ತರುವ ಲೆನ್ಸು ಒನಕೆಯಷ್ಟು ಉದ್ದವಾಗುತ್ತದೆ. ಅಂಗೈಯಲ್ಲಿ ಹಿಡಿಯುವ ಪುಟ್ಟ ಕ್ಯಾಮೆರಾ ತೆಗೆದುಕೊಂಡರೆ ಕಾಡೆಲ್ಲ ಕಾಣುತ್ತದೆ, ಜಿಂಕೆ ಮಾತ್ರ ಎಳ್ಳುಕಾಳಷ್ಟು. ರೆಕಾರ್ಡ್ ಗುಂಡಿ ಒತ್ತಿದಾಗ 'ಪೀಂ' ಎನ್ನಬಾರದು, ಕೆಂಪು ದೀಪ ಹೊತ್ತಬಾರದು, ಚಳಿಗೆ ಬ್ಯಾಟರಿ ಮಲಗಬಾರದು. ಎಲ್ಲಕ್ಕಿಂತ ದೊಡ್ಡ ತೊಂದರೆ ಫೋಕಸ್ಸಿನದು. ಮುಂದೊಂದು ಕಡ್ಡಿ ಅಡ್ಡ ಬಂದರೆ ಕ್ಯಾಮೆರಾ ಆ ಕಡ್ಡಿಯನ್ನೇ ಪ್ರೀತಿಸತೊಡಗುತ್ತದೆ, ಹಿಂದಿರುವ ಜಿಂಕೆ ಮಂಜು. ನನ್ನ ಎಷ್ಟೋ ಮದುವೆ ವೀಡಿಯೋಗಳಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಯಾರದೋ ಹಿಂದಲೆ ಮಾತ್ರ ಸ್ಪಷ್ಟವಾಗಿ ಬಂದಿರುವುದು ಇದೇ ಕಾರಣಕ್ಕೆ.

ಇನ್ನೊಂದು ವಸ್ತುವಿನ ಹೆಸರು ಕೇಳಿ ನಾನು ಬೆಚ್ಚಿಬಿದ್ದೆ. ಮೈಕಿಗೆ ಗಾಳಿಯ ಸದ್ದು ಹೊಡೆಯದಿರಲಿ ಎಂದು ತೊಡಿಸುವ ತುಪ್ಪುಳಿನ ಟೋಪಿಗೆ ಈ ಕಸುಬಿನವರು 'ಸತ್ತ ಬೆಕ್ಕು' ಎಂದು ಹೆಸರಿಟ್ಟಿದ್ದಾರೆ. 'ಸತ್ತ ಬೆಕ್ಕು ಇಲ್ಲದೆ ಕಾಡಿಗೆ ಹೋಗಲೇಬೇಡಿ' ಎಂದು ಪ್ರತಿಯೊಬ್ಬ ಪಂಡಿತನೂ ಅಪ್ಪಣೆ ಕೊಡಿಸುತ್ತಿದ್ದ. ಜಿಂಕೆಯ ಪಾಪ ಇನ್ನೂ ಮುಂದಿದೆ, ಬೆಕ್ಕಿನ ಪಾಪ ಈಗಲೇ ಹೆಗಲೇರಿತಲ್ಲ ಎಂದುಕೊಂಡು ಅದನ್ನೂ ಪಟ್ಟಿಗೆ ಸೇರಿಸಿದೆ.

ಓದುತ್ತ ಓದುತ್ತ ನನಗೆ ಒಂದು ಕುತೂಹಲ ಹುಟ್ಟಿತು. ಬೇಟೆಯಾಡುವವರಿಗೆ ಅದನ್ನು ತೋರಿಸುವ ಹಂಬಲ ಯಾಕೆ? ಮೀನು ಹಿಡಿದವನು ಎರಡೂ ಕೈ ಅಗಲಿಸಿ 'ಇಷ್ಟುದ್ದ ಇತ್ತು' ಎನ್ನುವುದರಿಂದ ಹಿಡಿದು ಇದು ಹಳೆಯ ರೋಗವೇ. ಗುಹೆಯಲ್ಲಿದ್ದ ನಮ್ಮ ಪೂರ್ವಜ ಹೊಟ್ಟೆ ತುಂಬಿದ ಮೇಲೆ ಮಾಡಿದ ಮೊದಲ ಕೆಲಸ ಗೋಡೆಯ ಮೇಲೆ ಬೇಟೆಯ ಚಿತ್ರ ಬರೆದದ್ದು. ನಮ್ಮ ಬೇಲೂರಿನ ಶಿಲ್ಪಿಯಂತೂ ಬಿಲ್ಲು ಹಿಡಿದ ಬೇಟೆಗಾತಿಯನ್ನು ಕಲ್ಲಿನಲ್ಲಿ ಎಷ್ಟು ನಾಜೂಕಾಗಿ ನಿಲ್ಲಿಸಿದ್ದಾನೆಂದರೆ, ಅವನಿಗೆ ಬೆಳಕಿನ ಚಿಂತೆಯೂ ಇರಲಿಲ್ಲ, ಬ್ಯಾಟರಿಯದೂ ಇರಲಿಲ್ಲ, ಕೈ ನಡುಗಿದರೆ ಮಾತ್ರ ಮೂಗು ಹೋಗುತ್ತಿತ್ತು. ಅದೇ ನಮ್ಮ ಪುರಾಣದ ಕತೆಗಳನ್ನು ನೋಡಿ. ರಾಜ ಬೇಟೆಗೆ ಹೊರಟ ಎಂದು ಬಂದರೆ ಸಾಕು, ಶಾಪವೋ ವಿರಹವೋ ಗಾಂಧರ್ವ ವಿವಾಹವೋ, ಏನಾದರೊಂದು ಕಾದಿದೆ ಎಂದೇ ಅರ್ಥ. ಸುಮ್ಮನೆ ಹೋಗಿ ಒಂದು ಜಿಂಕೆ ಹೊಡೆದು ಮನೆಗೆ ಬಂದು ಮಲಗಿದ ರಾಜನನ್ನು ನಾನು ಕೇಳಿಲ್ಲ. ಹೀಗೆಲ್ಲ ಯೋಚಿಸಿ ನನ್ನ ಮಗಳ ಬಗ್ಗೆ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ ಗುಟ್ಟು ರಟ್ಟಾಯಿತು. ಯೂನಿಯನ್‌ವಿಲ್‌ನಲ್ಲಿರುವ ಧಾರವಾಡದ ಗೆಳೆಯ ಕುಲಕರ್ಣಿಯ ಮನೆಯಲ್ಲಿ ಮೊಮ್ಮಗಳ ನಾಮಕರಣ. ಊಟವಾದ ಮೇಲೆ, ಈ ಸಲ ತಡಮಾಡಬಾರದೆಂದು, ಬೆಳಿಗ್ಗೆ ತೆಗೆದ ತುಣುಕನ್ನು ನನ್ನ ಮೊಬೈಲಿನಿಂದಲೇ ಅವರ ಗೋಡೆಯಗಲದ ಟೀವಿಗೆ ಹಾಕಿದೆ. ತೊಟ್ಟಿಲು ತೂಗಿತು, ಸೋಬಾನೆ ಮುಗಿಯಿತು. ಮುಗಿದ ಮರುಕ್ಷಣ ಬೆರಳು ಎಲ್ಲಿ ತಗುಲಿತೋ, ನಾನು ಕಳೆದ ರಾತ್ರಿ ಅರ್ಧಕ್ಕೆ ಬಿಟ್ಟಿದ್ದ ವೀಡಿಯೋ ತಾನಾಗಿ ಶುರುವಾಯಿತು. ಗಡ್ಡದ ಪಂಡಿತನೊಬ್ಬ ಚಾಕು ಮಸೆಯುತ್ತ, ಹತ್ತು ನಿಮಿಷದಲ್ಲಿ ಜಿಂಕೆಯನ್ನು ಹಸನು ಮಾಡುವ ಬಗೆಯನ್ನು ಪಿಸುಗುಟ್ಟತೊಡಗಿದ. ನಲವತ್ತು ಜನ ಹೋಳಿಗೆ ತಿಂದು ಕುಳಿತಿದ್ದರು.

"ಏನಪಾ ಮೂರ್ತಿ ಇದು," ಎಂದ ಕುಲಕರ್ಣಿ, "ಕೂಸಿನ ಹೆಸರಿಡೂದರಾಗ ಜಿಂಕಿ ಸುಲಿಯೂದು ಎಲ್ಲಿಂದ ಬಂತು? ಏನ ನಡಸೀಯಪಾ ನಿಮ್ಮ ಮನಿ ಬೇಸ್‌ಮೆಂಟಿನ್ಯಾಗ?"

ಟೀವಿ ಆರಿಸುವ ಗುಂಡಿ ನನಗೆ ಸಿಗಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಹಾಕಿದ ವೀಡಿಯೋವನ್ನು ಜನ ಅಷ್ಟು ಏಕಾಗ್ರತೆಯಿಂದ ನೋಡಿದ್ದು ಅದೊಂದೇ ಸಲ.

ವಾಪಸ್ ಬರುವಾಗ ಪದ್ಮಿನಿ, ಕಾರು ಹೈವೇಗೆ ಹತ್ತಿದ ಮೇಲೆ "ಇಂಚರಾನಾ?" ಎಂದಳು. ಹೂಂ ಎಂದೆ. "ಕೊಲ್ಲೋದಾ?" ಹೂಂ ಎಂದೆ. ಅವಳು ಕಿಟಕಿಯ ಆಚೆ ನೋಡಿದಳು. ಕಣ್ಣು ತುಂಬಿತ್ತೆಂದು ನನಗೆ ಗೊತ್ತಾಯಿತು. ನಾಲ್ಕು ಎಕ್ಸಿಟ್ ದಾಟಿದ ಮೇಲೆ ಅವಳು ಮೂಗೊರೆಸಿಕೊಂಡು, "ಅಲ್ಲಿ ಚಳೀಲಿ ಸಾಯಂಕಾಲದವರೆಗೂ ಕೂತಿರ್ತಾಳಲ್ಲ, ತಿನ್ನೋಕೆ ಏನು ತಗೊಂಡು ಹೋಗ್ತಾಳೆ?" ಎಂದು ಕೇಳಿದಳು. ಆ ಪ್ರಶ್ನೆ, ಹೋಲಿಸಿ ನೋಡಲು ನಾನು ಮಾಡಿಟ್ಟಿದ್ದ ಹದಿನಾಲ್ಕು ಕ್ಯಾಮೆರಾಗಳ ಎಕ್ಸೆಲ್ ಪಟ್ಟಿಯ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಆ ಪಟ್ಟಿಯನ್ನು ಹಿಡಿದು ನಾನು ಕೊನೆಗೆ ಹೋದದ್ದು ರೆಕ್ಸ್‌ಡೇಲ್‌ನ ಒಂದು ಹಳೆಯ ಪ್ಲಾಜಾದ ಅಂಗಡಿಗೆ. ಮದುವೆ ವೀಡಿಯೋದವರು ಬಳಸಿ ಬಿಟ್ಟ ಕ್ಯಾಮೆರಾಗಳನ್ನು ಅಲ್ಲಿ ಮಾರುತ್ತಾರೆ. ಮಾಲೀಕ ವಯಸ್ಸಾದ ಸರ್ದಾರ್ಜಿ. "ಶಾದೀ ಕೇ ಲಿಯೇ?" ಎಂದು ಕೇಳಿದ. "ನಹೀಂ ಜೀ, ಶಿಕಾರ್ ಕೇ ಲಿಯೇ" ಎಂದೆ. ಆತ ಕನ್ನಡಕದ ಮೇಲಿಂದ ನನ್ನ ಹಣೆಯ ಗಂಧ, ಎಕ್ಸೆಲ್ ಪಟ್ಟಿ, ಎರಡನ್ನೂ ನೋಡಿ, "ಏಕ್ ಹೀ ಬಾತ್ ಹೈ, ಭಾಯಿಸಾಬ್" ಎಂದ, ಮದುವೆಯೂ ಬೇಟೆಯೂ ಒಂದೇ ಎಂಬಂತೆ. ಪಟ್ಟಿಯನ್ನು ಅವನು ಓದಲೇ ಇಲ್ಲ. ಮದುವೆಯ ಹೆಣ್ಣು ಎಲ್ಲಿಂದ ನಡೆದು ಬರುತ್ತಾಳೆಂದು ಮೊದಲೇ ತಿಳಿದು ಅಲ್ಲಿ ಹೋಗಿ ಕೂರುವವನಿಗೆ ಯಾವ ಕ್ಯಾಮೆರಾ ಆದರೂ ಸಾಕು, ತಿಳಿಯದವನಿಗೆ ಯಾವುದೂ ಸಾಲದು ಎಂದು ಹಿಂದಿಯಲ್ಲಿ ಉಪದೇಶ ಮಾಡಿ, ಪಟ್ಟಿಯಲ್ಲಿ ಒಂಬತ್ತನೆಯದಾಗಿದ್ದ ಕ್ಯಾಮೆರಾ ಕೈಗಿಟ್ಟ. ಸತ್ತ ಬೆಕ್ಕನ್ನು ಉಚಿತವಾಗಿ ಕೊಟ್ಟ. ಬೂದು ಬಣ್ಣದ್ದು, ಮುಟ್ಟಿದರೆ ಮುದ್ದಾಗಿಯೇ ಇತ್ತು.

ಅಕ್ಟೋಬರಿನಲ್ಲಿ ಒಂದು ಶನಿವಾರ ಇಂಚರ ಮನೆಗೆ ಬಂದಳು. ಇಲ್ಲಿ ನಮ್ಮ ಹಬ್ಬಗಳೆಲ್ಲ ಶನಿವಾರಕ್ಕೇ ಬರುತ್ತವೆ, ಪಂಚಾಂಗ ಏನು ಬೇಕಾದರೂ ಹೇಳಲಿ. ಅವತ್ತು ನಮ್ಮಲ್ಲಿ ಆಯುಧಪೂಜೆ. ಆ ತಿಂಗಳಲ್ಲಿ ಅವಳಿಗೆ ಸಿಕ್ಕ ಒಂದೇ ರಜೆಯ ಶನಿವಾರವೂ ಅದೇ. ಆಗಲೇ ನಾಲ್ಕು ಸಂಜೆ ಕಾಡಿನಲ್ಲಿ ಕೂತು ಬಂದಿದ್ದಳು, ಒಂದು ಜಿಂಕೆಯೂ ಮೂವತ್ತು ಗಜದೊಳಗೆ ಬಂದಿರಲಿಲ್ಲ. ಮಧ್ಯಾಹ್ನ ಹೊರಟು ಕಾಡಿಗೆ ಹೋಗುವುದು, ಕ್ಯಾಮೆರಾ ನಡೆಸಲು ನಾನೂ ಜೊತೆಗೆ ಹೋಗುವುದು ಎಂದು ತೀರ್ಮಾನವಾಗಿತ್ತು. ನನ್ನನ್ನು ಕರೆದದ್ದು ಅವಳೇ. "ಯು ಕಮ್ ಅಪ್ಪ, ನಾನು ಬೋ ಹಿಡ್ಕೊಂಡು ಕ್ಯಾಮೆರಾ ಹೇಗೆ ಹಿಡೀಲಿ?" ಎಂದಿದ್ದಳು. ನಾನು ಒಂದು ವಾರದಿಂದ ವಾಸನೆಯಿಲ್ಲದ ಸೋಪಿನಲ್ಲಿ ಸ್ನಾನ ಮಾಡಿದ್ದೆ, ಅವತ್ತು ಹಣೆಗೆ ಗಂಧ ಇಡಲಿಲ್ಲ, ಕಾಫಿಯನ್ನೂ ಬಿಟ್ಟಿದ್ದೆ. ಜಿಂಕೆಯ ಮೂಗು ಅಷ್ಟು ಚುರುಕಂತೆ. ಕಾಫಿ ಬಿಟ್ಟದ್ದನ್ನು ಮಾತ್ರ ನನ್ನ ತ್ಯಾಗವೆಂದು ಬರೆದಿಟ್ಟುಕೊಳ್ಳಬೇಕು.

ಆಯುಧಪೂಜೆ ಎಂದು ಹೆಸರೇ ಇದ್ದರೂ ನಮ್ಮ ಮನೆಯಲ್ಲಿ ಇಷ್ಟು ವರ್ಷ ಪೂಜೆಗೊಂಡದ್ದು ಎರಡು ಕಾರು, ಮೂರು ಲ್ಯಾಪ್‌ಟಾಪು, ಮಿಕ್ಸಿ, ಹಿಮ ಬಾಚುವ ಸ್ನೋ ಶವಲ್ಲು ಮತ್ತು ನನ್ನ ಟ್ರೈಪಾಡು. ಅವತ್ತು ಇಂಚರ ಉದ್ದನೆಯ ಪೆಟ್ಟಿಗೆ ತಂದು ದೇವರ ಮುಂದೆ ಬಿಚ್ಚಿ ಬಿಲ್ಲು ತೆಗೆದಿಟ್ಟಳು. ಮೊಟ್ಟಮೊದಲ ಸಲ ಒಂದು ನಿಜವಾದ ಆಯುಧ ಬಂದು ಕೂತಿತು, ನಮಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಪದ್ಮಿನಿ ಬಿಲ್ಲನ್ನು ನೋಡಿದಳು, ಮಗಳನ್ನು ನೋಡಿದಳು.

"ಇಟ್ಸ್ ಆಯುಧಪೂಜೆ, ಅಮ್ಮ" ಎಂದಳು ಇಂಚರ, "ಆದ್ರೆ ಇದಕ್ಕೆ ಏನೂ ಹಚ್ಚಬೇಡ. ಸ್ಮೆಲ್ ಆಗುತ್ತೆ. ಬರೀ ನಮಸ್ಕಾರ ಮಾಡು."

ಪದ್ಮಿನಿ ಒಪ್ಪಿದಳು. ಬಿಲ್ಲಿಗೆ ದೂರದಿಂದ ಕೈಮುಗಿದು, ಅದಕ್ಕೆ ಸಲ್ಲಬೇಕಾದ ಉಪಚಾರವನ್ನೆಲ್ಲ ಸೇರಿಸಿ ಹೊಸ ಕ್ಯಾಮೆರಾಕ್ಕೆ ಮಾಡಿದಳು. ಅರಿಶಿನ, ಕುಂಕುಮ, ಗಂಧ, ಸೇವಂತಿಗೆ. ಮೈಸೂರಿನಿಂದ ತರಿಸಿದ ಊದುಬತ್ತಿಯ ಹೊಗೆ, ಸಾಂಬ್ರಾಣಿ, ಕರ್ಪೂರದ ಆರತಿ. ಪೂಜೆ ಮುಗಿದ ಕೂಡಲೆ ನಾನು ಕ್ಯಾಮೆರಾವನ್ನು ಮೂರು ಬಟ್ಟೆಯಲ್ಲಿ ಒರೆಸಿದೆ, ಲೆನ್ಸಿನ ಅಂಚಿನ ಕುಂಕುಮವನ್ನು ಕುಂಚದಿಂದ ತೆಗೆದೆ. ನನ್ನ ಬುದ್ಧಿಯೆಲ್ಲ ಗಾಜಿನ ಮೇಲೆ. ಮೈಕಿನ ಮೇಲೆ ಕೂತು ಅಷ್ಟೂ ಹೊಗೆಯನ್ನು ಹೀರಿದ ಸತ್ತ ಬೆಕ್ಕು ನೆನಪಿಗೇ ಬರಲಿಲ್ಲ. ನಮ್ಮ ಮನೆಯಲ್ಲಿ ಮೂವರ ಮೂಗೂ ಆ ವಾಸನೆಯಲ್ಲೇ ಇದ್ದದ್ದರಿಂದ ಯಾರಿಗೂ ಅದು ವಾಸನೆ ಎನ್ನಿಸಲೂ ಇಲ್ಲ.

ಪೀಟರ್‌ಬರೋದಿಂದ ಆಚೆ, ಇಂಚರಳ ಸಹೋದ್ಯೋಗಿ ಹೆದರ್ ಎಂಬಾಕೆಯ ಮನೆತನದ ಕಾಡಿದೆ. ಅಲ್ಲಿ ಬೇಟೆಗಾರರು ಅಡಗಿ ಕೂರುವ, ಬ್ಲೈಂಡು ಎನ್ನುವ ಒಂದು ಪುಟ್ಟ ಗುಡಾರದಲ್ಲಿ ನಾವಿಬ್ಬರೂ ಮಡಚುವ ಕುರ್ಚಿ ಹಾಕಿಕೊಂಡು ಮೂರು ಗಂಟೆಗೆ ಕುಳಿತೆವು. ಅವಳು ಒಂದು ಕಿಂಡಿ, ನಾನು ಒಂದು ಕಿಂಡಿ. ಮಾತಾಡುವಂತಿಲ್ಲ. ಮಗಳ ಪಕ್ಕದಲ್ಲಿ ಎರಡೂವರೆ ಗಂಟೆ ಮಾತಿಲ್ಲದೆ ಕೂತದ್ದು ನನಗೆ ನೆನಪಿದ್ದಂತೆ ಅದೇ ಮೊದಲು. ಅಷ್ಟು ಹೊತ್ತು ನಾನು ಅವಳನ್ನು ಕದ್ದು ಕದ್ದು ನೋಡಿದೆ. ಮನೆಯಲ್ಲಿ ಎರಡು ನಿಮಿಷ ಮೊಬೈಲ್ ಬಿಟ್ಟಿರಲಾರದವಳು ಇಲ್ಲಿ ಉಸಿರು ಬಿಟ್ಟರೆ ಬೇರೇನೂ ಅಲುಗದಂತೆ ಕೂತಿದ್ದಳು. ಒಂದು ಎಲೆ ಬಿದ್ದರೆ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಈ ಹುಡುಗಿ ಯಾರು ಎಂದು ನನಗೆ ಆಶ್ಚರ್ಯವಾಯಿತು. ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಬೆಳಕು ಹಳದಿಯಾಗುವ ಹೊತ್ತಿಗೆ ಅದು ಬಂತು. ಗಂಡು ಜಿಂಕೆ. ಮೇಪಲ್ ಮರಗಳ ಹಿಂದಿನಿಂದ, ಯಾರೋ ಕಳಿಸಿದ ಹಾಗೆ, ಸದ್ದಿಲ್ಲದೆ ಬಂದು ನಿಂತಿತು. ಕವಲೊಡೆದ ಕೊಂಬು, ಒದ್ದೆ ಮೂಗು. ನಾನು ಗುಂಡಿ ಒತ್ತಿದೆ. 'ಪೀಂ' ಎನ್ನಲಿಲ್ಲ. ಫೋಕಸ್ಸು ಕಡ್ಡಿಯನ್ನು ಬಿಟ್ಟು ಜಿಂಕೆಯನ್ನೇ ಹಿಡಿಯಿತು. ಐವತ್ತು ಗಜ, ನಲವತ್ತೈದು, ನಲವತ್ತು. ಇಂಚರ ಬಿಲ್ಲನ್ನು ಎತ್ತಿದಳು. ಜಿಂಕೆ ಒಂದು ಹೆಜ್ಜೆ ಇಟ್ಟು ನಿಂತು ಮೂಗು ಮೇಲೆತ್ತಿತು. ಗಾಳಿ ನಮ್ಮ ಬೆನ್ನಿನಿಂದ ಅದರ ಕಡೆಗೆ ತಿರುಗಿತ್ತು. ಅದು ನೇರವಾಗಿ ನನ್ನ ಕ್ಯಾಮೆರಾವನ್ನೇ ನೋಡಿತು. ಮುಂಗಾಲಿನಿಂದ ನೆಲವನ್ನು ಒಮ್ಮೆ ಗುದ್ದಿತು, 'ಫೂಷ್' ಎಂದು ಉಸಿರು ಚೆಲ್ಲಿತು, ಬಿಳಿಯ ಬಾಲ ಎತ್ತಿ ಎರಡು ನೆಗೆತಕ್ಕೆ ಮಾಯವಾಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ನನ್ನ ಮನಸ್ಸಿಗೆ ಬಂತು. ಬಂದಮೇಲೆ, ಈ ಸಂದರ್ಭದಲ್ಲಿ ಅದನ್ನು ನಾನು ಬಳಸಬಹುದೇ ಎಂದು ಅನುಮಾನವಾಯಿತು.

ಇಂಚರ ಬಿಲ್ಲು ಇಳಿಸಿ, ಗಾಳಿ ಮೂಸಿ, ನನ್ನ ಕಡೆ ಬಾಗಿ, ಮೈಕಿನ ಮೇಲಿದ್ದ ಸತ್ತ ಬೆಕ್ಕಿಗೆ ಮೂಗು ತಾಗಿಸಿದಳು. "ಅಪ್ಪ," ಎಂದಳು, "ಇಟ್ ಸ್ಮೆಲ್ಸ್ ಲೈಕ್ ಎ ಟೆಂಪಲ್."

ನನಗೆ ಮುಖ ಎತ್ತಲಾಗಲಿಲ್ಲ. ಅವಳ ಒಂದೇ ಶನಿವಾರವನ್ನು ಹಾಳು ಮಾಡಿದ್ದೆ. ಇನ್ನು ನನ್ನನ್ನು ಅವಳು ಏನು ಕೇಳುತ್ತಾಳೆ? ಸಾರಿ ಮಗಳೇ, ಸಾರಿ ಮಗಳೇ ಎಂದು ನಾನು ಹೇಳುತ್ತಲೇ ಇದ್ದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಾಳೆಂದುಕೊಂಡೆ. ಅವಳು ನಗುತ್ತಿದ್ದಳು.

ರಾತ್ರಿ ಅವಳ ಮನೆಯಲ್ಲೇ ಉಳಿದು, ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಎರಿನ್ ಮಿಲ್ಸ್‌ಗೆ ಬಂದೆವು. ಬಿಸಿಬೇಳೆಬಾತ್ ಆದ ಮೇಲೆ ಪದ್ಮಿನಿ ತಾನಾಗಿಯೇ "ತೋರಿಸಿ ನೋಡೋಣ" ಎಂದಳು. ಟೀವಿಗೆ ಹಾಕಿದೆ. ಚಿತ್ರ ಬಹಳ ಚೆನ್ನಾಗಿ ಬಂದಿತ್ತು, ನಾನೇ ಹೇಳುತ್ತೇನೆ. ಆದರೆ ಜಿಂಕೆ ನಲವತ್ತು ಗಜಕ್ಕೆ ಬರುವ ಹೊತ್ತಿಗೆ ಅದರಲ್ಲಿ ಒಂದು ದನಿ ಕೇಳಿಸಿತು. ಯಾರೋ ಗಂಡಸು ಮೆಲ್ಲಗೆ ಪಿಸುಗುಟ್ಟುತ್ತಿದ್ದ. "ಬಾ... ಬಾ ಕಂದಾ... ಇನ್ನೊಂಚೂರು ಮುಂದೆ ಬಾ... ಹೆದರ್ಕೋಬೇಡ, ಬಾ..."

ಅದು ನಾನು. ಮಾತಾಡಿದ್ದು ನನಗೆ ಗೊತ್ತೇ ಇರಲಿಲ್ಲ. ಸೊಳ್ಳೆಯೊಂದನ್ನು ಬಿಟ್ಟರೆ ಐವತ್ತೊಂಬತ್ತು ವರ್ಷ ಇರುವೆಯನ್ನೂ ದಾಟಿ ಹೆಜ್ಜೆ ಇಟ್ಟವನು, ಒಂದು ಜೀವವನ್ನು ಮುದ್ದು ಮಾಡಿ ಬಾಣದ ಮುಂದಕ್ಕೆ ಕರೆಯುತ್ತಿದ್ದೆ. ಮಗಳಿಗೆ ಅದು ಸಿಗಲಿ ಎಂದು ನನಗೆ ಅಷ್ಟು ಆಸೆಯಾಗಿತ್ತೇ? ಆಗಿತ್ತು. ಬಾಣ ಬಿಟ್ಟಿದ್ದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಅದೂ ನಿಜ. ಎರಡೂ ನಿಜವೆಂದು ಒಪ್ಪಿಕೊಳ್ಳುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಎಷ್ಟು ಹತ್ರ ಬಂದಿತ್ತಲ್ಲೇ" ಎಂದಳು ಪದ್ಮಿನಿ. ಅವಳ ದನಿಯಲ್ಲಿದ್ದದ್ದು ಸಮಾಧಾನವೋ ಬೇಸರವೋ ಹೇಳಲಾರೆ.

"ಅಮ್ಮ, ನಿನ್ನ ಪೂಜೆಯಿಂದ ಓಡಿಹೋಯ್ತು! ಏನಂತ ಕೇಳ್ಕೊಂಡೆ ನೀನು ದೇವರನ್ನ?"

"ಒಳ್ಳೇದು ಮಾಡಪ್ಪಾ ಅಂತ ಕೇಳ್ಕೊಂಡೆ," ಎಂದಳು ಪದ್ಮಿನಿ, ತಟ್ಟೆ ಎತ್ತುತ್ತಾ. "ಯಾರಿಗೆ ಅಂತ ಹೇಳಲಿಲ್ಲ, ಅಷ್ಟೇ."

ಸಂಜೆ ಇಂಚರ ಹೊರಟಳು. ಅವಳ ಸಾಮಾನನ್ನು ಕಾರಿಗೆ ತುಂಬಿಸುತ್ತ ನಾನು, "ಮಗಳೇ, ಈ ಕ್ಯಾಮೆರಾ ಸ್ವಲ್ಪ ಭಾರ ಆಯ್ತೇನೋ. ಪಟ್ಟೀಲಿ ನಾಲ್ಕನೇದು ಹಗುರ ಇತ್ತು. ಆ ಸರ್ದಾರ್ಜಿ ಬದಲಾಯಿಸಿ ಕೊಡ್ತಾನೆ, ನಾಳೇನೇ ಹೋಗಿ..." ಎಂದು ಶುರುಮಾಡಿದೆ.

"ಅಪ್ಪ, ಹೆದರ್ ಹತ್ರ ಕ್ಯಾಮೆರಾ ಇದೆ. ಐ ಕುಡ್ ಹ್ಯಾವ್ ಜಸ್ಟ್ ಬಾರೋಡ್ ಇಟ್."

ನನ್ನ ಕೈಯಲ್ಲಿದ್ದ ಚೀಲ ಅಲ್ಲೇ ನಿಂತಿತು. "ಮತ್ತೆ ನನ್ನನ್ನ ಯಾಕೆ ಕೇಳಿದೆ?"

ಅವಳು ಡಿಕ್ಕಿ ಮುಚ್ಚಿ ಅದಕ್ಕೆ ಒರಗಿ ನಿಂತಳು. "ನಾನು ಹಂಟಿಂಗ್ ಮಾಡ್ತೀನಿ ಅಂತ ಸುಮ್ನೆ ಹೇಳಿದ್ರೆ ನೀನೇನು ಮಾಡ್ತಿದ್ದೆ? ಫೋನ್ ಅಮ್ಮಂಗೆ ಕೊಟ್ಟುಬಿಡ್ತಿದ್ದೆ." ಅದರಲ್ಲಿ ಕೋಪವೇನೂ ಇರಲಿಲ್ಲ. "ಯು ಆಲ್ವೇಸ್ ಡೂ ದಟ್. ಏನಾದ್ರೂ ಹೇಳೋಣ ಅಂದ್ರೆ, 'ಇರು, ಅಮ್ಮಂಗೆ ಕೊಡ್ತೀನಿ'. ಅದಕ್ಕೇ ನಾನೇ ಮೊದ್ಲು ಅಮ್ಮ ಇದಾಳಾ ಅಂತ ಕೇಳಿಬಿಡ್ತೀನಿ."

ಕಾರು ತಿರುವಿನಲ್ಲಿ ಮರೆಯಾದ ಮೇಲೂ ನಾನು ಡ್ರೈವ್‌ವೇಯಲ್ಲೇ ನಿಂತಿದ್ದೆ. ಕಾಲೇಜಿನಲ್ಲಿ ಅವಳು ಒಂದು ಪರೀಕ್ಷೆ ತಪ್ಪಿಸಿಕೊಂಡಾಗ, ಜೊತೆಗಿದ್ದ ಹುಡುಗ ಬಿಟ್ಟುಹೋದಾಗ, ಪೀಟರ್‌ಬರೋದ ಮೊದಲ ಚಳಿಗಾಲ ಒಬ್ಬಳೇ ಇದ್ದೇನೆ ಅಂದಾಗ, ಪ್ರತಿ ಸಲವೂ ನಾನು ಅದನ್ನೇ ಹೇಳಿದ್ದೆ. ಮೂರು ವಾರ ಹದಿನಾಲ್ಕು ಕ್ಯಾಮೆರಾ ಅಳೆದು ಸುರಿದ ನಾನು, ಅವಳು ಕೇಳದೆ ಇದ್ದ ಪ್ರಶ್ನೆಗೆ ಅಷ್ಟು ಸೊಗಸಾದ ಉತ್ತರ ಸಿದ್ಧಮಾಡಿಕೊಂಡಿದ್ದೆ.

ಮುಂದಿನ ಗುರುವಾರ ಸಂಜೆ ಫೋನ್ ಬಂತು. "ಹಾಯ್ ಅಪ್ಪ, ಹೌ ಆರ್ ಯು, ಅಮ್ಮ..." ಎನ್ನುವಷ್ಟರಲ್ಲಿ ಅಭ್ಯಾಸದಂತೆ ಪದ್ಮಿನಿ ಕೈ ಚಾಚಿದ್ದಳು. ನಾನು ಆ ಕೈಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ಹೋದೆ. "ಆ ಜಿಂಕೆ ಮತ್ತೆ ಕಾಣಿಸ್ತಾ?" ಎಂದೆ. ಅಂಥ ದೊಡ್ಡ ಪ್ರಶ್ನೆಯೇನಲ್ಲ, ಇಲ್ಲ ಎಂಬ ಒಂದು ಪದದಲ್ಲಿ ಉತ್ತರ ಮುಗಿಯಬಹುದಿತ್ತು. ಇಂಚರ ಇಪ್ಪತ್ತೈದು ನಿಮಿಷ ತೆಗೆದುಕೊಂಡಳು. ಪದ್ಮಿನಿ ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು, ಆಮೇಲೆ ಕೈ ನೋವು ಬಂತೆಂದು ಕಾಣುತ್ತದೆ, ನನಗೆ ಕಾಫಿ ಮಾಡಲು ಒಳಗೆ ಹೋದಳು.